ಮಾವನ ಜೇಬಿನಲ್ಲಿ ನನ್ನ ನಂಬರ್

ಕಿವಿಯೋಲೆಯ ಕಡ್ಡಿ ಚುಚ್ಚಿದರೂ ಸಿಮ್‌ ಕೂರುವ ಪುಟ್ಟ ತಟ್ಟೆ ಅರ್ಧ ಮಾತ್ರ ಹೊರಬಂತು. ಅದರ ಅಂಚಿಗೆ ಕೂದಲೆಳೆಯಷ್ಟು ಹಸಿರು ಕಿಲುಬು ಹಿಡಿದಿತ್ತು. ಮಧುರವಾಡದ ರಿಪೇರಿ ಅಂಗಡಿಯವರು "ಸಮುದ್ರಂ ಗಾಲಿ, ಮೇಡಂ" ಎಂದು ತಪ್ಪನ್ನೆಲ್ಲ ಕಡಲ ಗಾಳಿಯ ತಲೆಗೆ ಕಟ್ಟಿದರು. ವಿಶಾಖಪಟ್ಟಣದಲ್ಲಿ ಗೇಟು ಕೆಟ್ಟರೂ ಕುಕ್ಕರ್ ಕೆಟ್ಟರೂ ಇದೇ ಕಾರಣ. ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಸಿಗ್ನಲ್ ಇರುತ್ತಿತ್ತು, ಬಿಟ್ಟೊಡನೆ ಹೋಗುತ್ತಿತ್ತು. ಇ-ಸಿಮ್ ಮಾಡಿಸಿಕೊಳ್ಳಿ ಎಂದರು ಅವರು. ಅದಕ್ಕೆ ಕಾರ್ಡೂ ಬೇಡ, ತಟ್ಟೆಯೂ ಬೇಡ. ಕಂಪನಿ ಕಳಿಸುವ ಕ್ಯೂಆರ್ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ನಂಬರ್ ಫೋನಿನೊಳಗೇ ಕೂರುತ್ತದೆ.

ಅಂಗಡಿಯ ಮುಂದೆಯೇ ನಿಂತು, ತಟ್ಟೆ ಒತ್ತಿಕೊಂಡು, ಕಂಪನಿಗೆ ಸಂದೇಶ ಕಳಿಸಿದೆ. ಮರುದಿನ ಸಂಜೆಯಾದರೂ ನನ್ನ ಇಮೇಲ್‌ಗೆ ಕೋಡ್ ಬರಲಿಲ್ಲ. ಅಷ್ಟರಲ್ಲಿ ಎಷ್ಟು ಒತ್ತಿದರೂ ಸಿಗ್ನಲ್ ಬಾರದಾಯಿತು.

ಆಗ ನನಗೆ ಹೊಳೆಯಿತು. ನಾನು ಬಳ್ಳಾರಿಯಿಂದ ವಿಜಯವಾಡಕ್ಕೆ ಓದಲು ಬಂದು ಸೋದರತ್ತೆಯ ಮನೆಯಲ್ಲಿದ್ದಾಗ ಈ ನಂಬರನ್ನು ಕೊಡಿಸಿದವರು ಅತ್ತೆಯ ಗಂಡ, ಮಾವ. ಮನೆಯ ಹೆಣ್ಣುಮಕ್ಕಳ ಸಿಮ್‌ಗಳೆಲ್ಲ ಅವರ ಹೆಸರಿನಲ್ಲೇ, ಒಂದೇ ಬಿಲ್ಲಿನಲ್ಲಿ. ಆ ಮನೆಯಲ್ಲಿ ಅದು ಅಕ್ಕರೆಯ ಗುರುತು. ತಿಂಗಳಿಗೊಮ್ಮೆ ಮಾವ ಬಿಲ್ಲನ್ನು ಪ್ರಿಂಟ್ ಮಾಡಿಸಿ ತಂದು, ಊಟದ ನಂತರ ಕನ್ನಡಕ ಹಾಕಿಕೊಂಡು ಓದುತ್ತಿದ್ದರು. "ಭಾನುವಾರ ಯಾರಮ್ಮಾ ಅಷ್ಟು ಹೊತ್ತು?" ಎಂದು ಕೇಳುವಾಗ ಅವರ ದನಿಯಲ್ಲಿ ಸಂಶಯ ಇರುತ್ತಿರಲಿಲ್ಲ, ಕುತೂಹಲವಷ್ಟೇ. ನಾನು ಉತ್ತರ ಕೊಡುತ್ತಿದ್ದೆ. ಕೆಲಸಕ್ಕೆ ಸೇರಿ ವಿಶಾಖಪಟ್ಟಣಕ್ಕೆ ಬಂದ ಮೇಲೂ ಬಿಲ್ಲು ಅಲ್ಲಿಗೇ ಹೋಗುತ್ತಿತ್ತು. ಕೋಡೂ ಮಾವನ ಇಮೇಲ್‌ಗೇ ಹೋಗಿರಬೇಕು.

ಕೋಣೆಯ ಗೆಳತಿಯ ಫೋನಿನಿಂದ ಅತ್ತೆಗೆ ಕರೆ ಮಾಡಿದೆ. ತೆಗೆದುಕೊಂಡವರು ತೆಲುಗು ಬೆರೆಸಿ ಕನ್ನಡ ಮಾತಾಡುವ ಮಾವ.

"ನಿನ್ನ ಹೆಸರಲ್ಲಿ ಏನೋ ಸ್ಕ್ಯಾನರ್ ಬಂದಿತ್ತಮ್ಮಾ. ಪ್ರಿಂಟ್ ತೆಗೆಸಿ ಸ್ಕ್ಯಾನ್ ಕೊಟ್ಟೆ. ಪಾಪಂ, ನೀನು ಏನೋ ಬಾಕಿ ಕಟ್ಟಬೇಕೇನೋ, ನಾನೇ ಕಟ್ಟೇಸೋಣ ಅಂತ."

ನಿವೃತ್ತರಾದ ಮೇಲೆ ಮಾವ ತರಕಾರಿ, ಹಾಲು, ಆಟೋ ಎಲ್ಲದಕ್ಕೂ ಸ್ಕ್ಯಾನ್ ಮಾಡಿಯೇ ಹಣ ಕೊಡುತ್ತಿದ್ದರು. ಕಪ್ಪು ಚೌಕಗಳ ಚಿತ್ರ ಕಂಡರೆ ಹಣ ಕೇಳುತ್ತಿದ್ದಾರೆ ಎಂದೇ ಅವರ ಲೆಕ್ಕ.

"ದುಡ್ಡು ಹೋಯಿತಾ ಮಾವಾ?"

"ಲೇದಮ್ಮಾ, ದುಡ್ಡು ಕೇಳಲೇ ಇಲ್ಲ. ಏನೇನೋ ಕೇಳ್ತು, ಸರೇ ಸರೇ ಅಂತ ಒತ್ತಿದೆ. ಆಮೇಲಿಂದ ನಿನ್ನ ಫೋನೆಲ್ಲಾ ನನಗೇ ಬರ್ತಾವೆ. ಮಧ್ಯಾಹ್ನ ಯಾರೋ ಅಬ್ಬಾಯಿ ಮಾಡಿದ್ದ. ಊಟ ಆಯ್ತಾ ಅಂದ. ಆಯ್ತು ನಾಯನಾ, ಬೆಂಡೆಕಾಯಿ ವೇಪುಡು ಅಂದೆ. ಫೋನ್ ಪೆಟ್ಟೇಸಿದ."

ಕರೆ ಮಾಡಿ ಹಾಗೆ ಫೋನ್ ಇಟ್ಟುಬಿಟ್ಟ ಹುಡುಗನ ವಿಷಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದಾಗ, ನನ್ನ ಮಾತಿನಲ್ಲೇ ಹೇಳುವವಳಿದ್ದೆ. ಗೆಳತಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ನಂಬರ್ ನನ್ನ ಫೋನಿಗೆ ಮರಳಿದರಷ್ಟೇ ಸಾಲದು, ನನ್ನ ಹೆಸರಿಗೇ ಆಗಬೇಕು ಎಂದು ತೀರ್ಮಾನಿಸಿ ಶನಿವಾರದ ರೈಲಿಗೆ ಟಿಕೆಟ್ ತೆಗೆದೆ.

ಅತ್ತೆ ಬಾಗಿಲಲ್ಲೇ ಹಿಡಿದಳು. "ಒಂದು ನಂಬರಿಗೋಸ್ಕರ ಇಷ್ಟು ದೂರ ಬಂದೇನವಾ? ನಮ್ಮನ್ನ ನೋಡಾಕ ಕರದ್ರ ರಜಾ ಇಲ್ಲಂತಿದ್ದಿ."

ಊಟ ಮುಗಿಯುವವರೆಗೆ ಕಾದು, ಮಾವನಿಗೆ ನೇರವಾಗಿ ಹೇಳಿದೆ. ಅವರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು.

"ನಾನು ಪರಾಯಿವಾಡಾನಾ ಅಮ್ಮಾ? ತಪ್ಪಾಯ್ತು, ಇನ್ನು ಸ್ಕ್ಯಾನ್ ಕೊಡಲ್ಲ. ಹೆಸರು ಯಾಕೆ ತೆಗೀಬೇಕು?"

"ನೀವು ಹೊರಗಿನವರಲ್ಲ ಮಾವಾ. ತಪ್ಪು ಸ್ಕ್ಯಾನಿನದೂ ಅಲ್ಲ. ನಾನು ಯಾರ ಜೊತೆ ಮಾತಾಡಿದೆ ಅನ್ನೋದನ್ನ ನಾನು ಹೇಳಿದಾಗ ನಿಮಗೆ ಗೊತ್ತಾಗಬೇಕು. ಬಿಲ್ಲು ಹೇಳಬಾರದು."

ಇಷ್ಟು ಉದ್ದದ ಮಾತನ್ನು ನಾನು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ. ಅತ್ತೆ ಮಜ್ಜಿಗೆಯ ಪಾತ್ರೆ ಎತ್ತಿಕೊಳ್ಳುತ್ತ, "ಆಕಿ ಕೇಳಿದ್ದು ಮಾಡಿಕೊಡ್ರಿ. ಓದಾಕ ಬೇಕಂದ್ರ ನನ್ನ ಬಿಲ್ ಐತಲ್ಲ, ಓದ್ರಿ. ನಾ ನಮ್ಮಕ್ಕಗ ಬಿಟ್ರ ಯಾರಿಗೂ ಮಾಡಂಗಿಲ್ಲ" ಎಂದಳು.

ಮಾವ ಕೈ ತೊಳೆದು ಅಂಗಿ ಹಾಕಿಕೊಂಡರು. "ನಡಿ" ಎಂದರಷ್ಟೇ. ಇಬ್ಬರೂ ಆಟೋದಲ್ಲಿ ಕಂಪನಿಯ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗಿ "ಅಂಕುಲ್, ಮೀಕು ಇಷ್ಟಮೇನಾ?" ಎಂದು ಒಪ್ಪಿಗೆ ಕೇಳಿದಾಗ ಅವರು ನನ್ನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. "ಇಷ್ಟಮೇ" ಎಂದು ಸಹಿ ಹಾಕಿ, "ಕೋಡು ಅವಳಿಗೇ ಕಳಿಸು, ನನಗೆ ಕಳಿಸಿದರೆ ದುಡ್ಡು ಕಟ್ಟೇಸ್ತೀನಿ" ಎಂದರು. ಆಗ ಮಾತ್ರ ನನಗೆ ನಗು ಬಂತು.

ಕೋಡ್ ಬೆಳಗಾಗುವಷ್ಟರಲ್ಲಿ ನನ್ನ ಇಮೇಲ್‌ನಲ್ಲಿತ್ತು. ಅದನ್ನು ಅತ್ತೆಯ ಫೋನಿನಲ್ಲಿ ತೆರೆದು ನನ್ನ ಫೋನಿನಿಂದ ಸ್ಕ್ಯಾನ್ ಮಾಡಿದೆ. ಸಿಗ್ನಲ್ ಗೆರೆಗಳು ಒಂದೊಂದಾಗಿ ಎದ್ದವು. ಮಾವ ಹಜಾರದಲ್ಲಿ ಪೇಪರ್ ಓದುತ್ತಿದ್ದರು. ಸೀರೆ ಬದಲಿಸುವಾಗ ಬಿಟ್ಟರೆ ಹಗಲಲ್ಲಿ ಯಾರೂ ಬಾಗಿಲು ಹಾಕದ ಮನೆ ಅದು. ನಾನು ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿಕೊಂಡು ಅವನಿಗೆ ಕರೆ ಮಾಡಿದೆ.