ತಮ್ಮನಿಗೆ ಜೊತೆ ಹೋದ ಕಾಂತಿ

ಮಕ್ಕಳ ಓದಿಗಾಗಿ ಧರ್ಣಪ್ಪ ಮತ್ತು ಪದ್ಮಾಕ್ಷಿ ಪಟ್ಟಷ್ಟು ಪಾಡನ್ನು ಆ ಊರಲ್ಲಿ ಇನ್ನಾರೂ ಪಟ್ಟಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಹೇಳಲಿ. ಆ ಮಾತಿನಲ್ಲಿ ಮಕ್ಕಳು ಎಂದರೆ ಮಗ ಎಂದೇ ಅರ್ಥ. ಹಾಗಾದರೆ ಮಗಳು ಕಾಂತಿ ಎಲ್ಲಿದ್ದಳು ಎಂದು ಯಾರಾದರೂ ಕೇಳಿದರೆ, ಗದ್ದೆ ಉಳುವಾಗ ಕೋಣ ಎಲ್ಲಿರುತ್ತದೆಯೋ ಅಲ್ಲಿದ್ದಳು ಎನ್ನಬೇಕು. ಆದರೆ ಯಾರೂ ಕೇಳುವುದಿಲ್ಲ.

ಅಳದಂಗಡಿಯಿಂದ ಒಳಗೆ, ಬಸ್ಸು ಬಾರದ ಒಂದು ಮೂಲೆಯಲ್ಲಿ ಅವರ ಮನೆ. ಧರ್ಣಪ್ಪನಿಗೆ ತುಂಡು ಗದ್ದೆ ಇತ್ತು, ಬೆಳಗ್ಗೆ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ. ಪದ್ಮಾಕ್ಷಿ ಊರಿನ ಉಳಿದ ಹೆಂಗಸರಂತೆ ಬೀಡಿ ಕಟ್ಟುತ್ತಿದ್ದಳು. ಇಬ್ಬರೂ ಐದನೆಯ ಕ್ಲಾಸು ದಾಟಿದವರಲ್ಲ. ಬ್ಯಾಂಕಿನಲ್ಲಿ, ಪಂಚಾಯತಿಯಲ್ಲಿ, ಆಸ್ಪತ್ರೆಯಲ್ಲಿ ಕಂಡಕಂಡವರ ಮಾತು ಕೇಳಿ ಕೇಳಿ ಸಾಕಾದವರು. ಮಗ ಓದಿ ನಾಲ್ಕು ಜನರ ಎದುರು ತಲೆ ಎತ್ತಿ ನಿಲ್ಲಬೇಕು ಎಂಬ ಆಸೆ ಅವರಲ್ಲಿ ನಿಜವಾಗಿಯೂ ಇತ್ತು. ಅದು ಸುಳ್ಳೆಂದರೆ ನಾಲಗೆಗೆ ಹುಳ ಬಿದ್ದೀತು. ಮಗ ಧನರಾಜ ಪುಸ್ತಕ ಹಿಡಿದರೆ ಮನೆಯಲ್ಲಿ ರೇಡಿಯೋ ಬಂದ್. ನೆಂಟರು ಬಂದರೂ ಜಗಲಿಯಲ್ಲಿ ಪಿಸುಮಾತು. ಹೊಗೆಯಾಡದ ಲಾಟೀನು ಅವನ ಮುಂದೆ, ಹೊಗೆಯಾಡುವುದು ಅಡುಗೆಮನೆಗೆ. ಬುದ್ಧಿಗೆ ಒಳ್ಳೆಯದೆಂದು ದಿನಾ ಅವನ ಬಟ್ಟಲಲ್ಲಿ ತಿಮರೆ, ಎಂದರೆ ಒಂದೆಲಗ ಸೊಪ್ಪಿನ ಚಟ್ನಿ. ಸೊಪ್ಪು ಕೊಯ್ದು ತಂದು ಅರೆಯುವ ಕೆಲಸ ಮಾತ್ರ ಕಾಂತಿಯದು.

ಕಾಂತಿ ಅವನಿಗಿಂತ ಒಂದು ವರ್ಷ ದೊಡ್ಡವಳು. ತಿಮರೆ ತಿನ್ನದೆಯೇ ಅವಳಿಗೆ ಓದು ಹತ್ತಿತ್ತು. ತೊಂಬತ್ತಮೂರರಲ್ಲಿ ಏಳನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆದು ಶಾಲೆಗೇ ಮೊದಲಿಗಳಾದಳು. ಹೆಡ್ಮಾಸ್ಟರ್ ಶೇಷಪ್ಪ ಅವಳನ್ನು ಕರೆದು, "ಹತ್ತು ಮುಗಿಸು, ಪಿಯುಸಿ ಮುಗಿಸು, ಆಮೇಲೆ ಟಿ.ಸಿ.ಎಚ್. ಮಾಡು ಮಗಾ. ಇದೇ ಶಾಲೆಗೆ ಟೀಚರಾಗಿ ಬಾ. ನಾನು ಆಗ ರಿಟೈರ್ ಆಗಿ ಬಂದು ನಿನ್ನ ಪಾಠ ಕೇಳ್ತೇನೆ" ಎಂದಿದ್ದರು. ಹೆಡ್ಮಾಸ್ಟರುಗಳು ಇಂಥ ಮಾತನ್ನು ಸುಮ್ಮನೆ ಹೇಳಿ ಮರೆಯುತ್ತಾರೆ. ಕಾಂತಿ ಮರೆಯಲಿಲ್ಲ. ಆ ದಿನದಿಂದ ಅವಳಿಗೆ ಟೀಚರಾಗುವುದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ.

ಜೂನ್ ತಿಂಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಅವಳನ್ನು ಕರೆದುಕೊಂಡು ಶಾಲೆಗೆ ಹೋದರು. ಹೈಸ್ಕೂಲಿಗೆ ಸೇರಿಸಲು ಟಿ.ಸಿ. ತರಲೆಂದು ಕಾಂತಿ ತಿಳಿದಿದ್ದಳು. ಎಣ್ಣೆ ಹಾಕಿ ತಲೆ ಬಾಚಿಕೊಂಡಿದ್ದಳು.

"ಮಾಸ್ಟ್ರೇ, ಇವಳ ಟಿ.ಸಿ. ಈಗ ಬೇಡ," ಎಂದ ಧರ್ಣಪ್ಪ. "ಒಂದು ವರ್ಷ ಇಲ್ಲೇ ಕೂತುಕೊಳ್ಳಲಿ. ಬರುವ ವರ್ಷ ಧನು ಏಳು ಮುಗಿಸ್ತಾನೆ. ಇಬ್ಬರೂ ಒಟ್ಟಿಗೆ ಹೋಗ್ಲಿ."

"ಪಾಸಾದವಳನ್ನು ಪುನಃ ಕೂರಿಸುವುದುಂಟಾ ಧರ್ಣಪ್ಪಣ್ಣ? ಎಂಥ ಮಾತು ಇದು?"

"ಆ ಗುಡ್ಡದ ದಾರಿಯಲ್ಲಿ ಹುಡುಗಿ ಒಬ್ಬಳೇ ಹೋಗುವುದು ಹೇಗೆ ಮಾಸ್ಟ್ರೇ?" ಎಂದಳು ಪದ್ಮಾಕ್ಷಿ. ಆಮೇಲೆ ಹೊಟ್ಟೆಯಲ್ಲಿದ್ದದ್ದನ್ನೂ ಹೇಳಿದಳು. "ಮತ್ತೆ, ಇವಳು ಪಕ್ಕದಲ್ಲಿ ಕೂತರೆ ಅವನೂ ಕಲೀತಾನೆ. ಅವನಿಗೆ ಬುದ್ಧಿ ಉಂಟು, ಮನಸ್ಸಿಲ್ಲ ಅಷ್ಟೇ."

ಲೋಕದಲ್ಲಿ ಬುದ್ಧಿ ಇಲ್ಲದ ಗಂಡುಮಕ್ಕಳನ್ನು ಹೆತ್ತ ತಾಯಿ ಇನ್ನೂ ಹುಟ್ಟಿಲ್ಲ. ಶೇಷಪ್ಪ ಮಾಸ್ಟ್ರು ಬೇಡ ಬೇಡವೆಂದರು, ಆಮೇಲೆ ತಲೆ ಕೆರೆದರು, ಆಮೇಲೆ ಒಪ್ಪಿದರು. ಏಳು ಕ್ಲಾಸಿಗೆ ಇಬ್ಬರೇ ಮಾಸ್ಟ್ರುಗಳಿದ್ದ ಶಾಲೆ ಅದು. ಒಂದು ಎರಡರ ಮಕ್ಕಳಿಗೆ ಮಗ್ಗಿ ಹೇಳಿಸಲು ಹುಷಾರಾದ ಹುಡುಗಿಯೊಬ್ಬಳು ಪುಕ್ಕಟೆ ಸಿಕ್ಕಿದರೆ ಯಾರಿಗೆ ಬೇಡ? ಮಾಸ್ಟ್ರು ಕೆಟ್ಟವರಲ್ಲ. ಒಳ್ಳೆಯವರು ಸೋಲುವುದು ಹೀಗೆಯೇ, ತಮ್ಮ ಒಂದು ಸಣ್ಣ ಅನುಕೂಲ ನೋಡಿಕೊಂಡು. ಅವಳಿಗೆ ಏನನ್ನಿಸುತ್ತದೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಆ ವರ್ಷ ಕಾಂತಿ ಶಾಲೆಯಲ್ಲಿ ಇದ್ದೂ ಇರಲಿಲ್ಲ. ಪಾಸಾದವಳಾದ್ದರಿಂದ ಹಾಜರಿಯಲ್ಲಿ ಅವಳ ಹೆಸರಿಲ್ಲ. ಬೆಳಗ್ಗೆ ಮಾಸ್ಟ್ರು ಒಬ್ಬೊಬ್ಬರ ಹೆಸರು ಕರೆಯುತ್ತಾ ಬರುವಾಗ ಉಳಿದವರೆಲ್ಲ ಎದ್ದು "ಹಾಜರ್ ಸಾರ್" ಎನ್ನುತ್ತಿದ್ದರು. ಅವಳು ಕೂತಲ್ಲೇ ಕೂತು ತಮ್ಮನ ಪುಸ್ತಕದ ಧೂಳು ಒರೆಸುತ್ತಿದ್ದಳು. ಜೊತೆಗೆ ಕಲಿತ ಹುಡುಗಿಯರು ನೀಲಿ ಲಂಗ ಹಾಕಿಕೊಂಡು ಹೈಸ್ಕೂಲಿಗೆ ಹೋಗುವಾಗ ಶಾಲೆಯ ಅಂಗಳದ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಮೊದಮೊದಲು ಕೂಗಿ ಕರೆಯುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಆ ಹುಡುಗಿಯರು ಹೋಗುತ್ತಿದ್ದದ್ದು ಅದೇ ಗುಡ್ಡದ ದಾರಿಯಲ್ಲಿ. ಅವರ ಜೊತೆ ಹೋದರೆ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ತಮ್ಮ ಅಂದ್ರೆ ನಿನಗೆ ಅಷ್ಟು ಭಾರವಾ?" ಎಂದು ಅಮ್ಮ ಬಾಯಿ ಮುಚ್ಚಿಸಿದಳು.

ಸಂಜೆಯಾದರೆ ಮನೆಯಲ್ಲಿ ಎರಡನೆಯ ಶಾಲೆ. ಕಾಂತಿ ಭಿನ್ನರಾಶಿ ಹೇಳಿಕೊಡುವುದು, ಧನರಾಜ ಗೋಡೆಯ ಹಲ್ಲಿ ನೋಡುವುದು, ಬೀಡಿಯ ಮೊರ ತೊಡೆಯ ಮೇಲಿಟ್ಟುಕೊಂಡು ಪದ್ಮಾಕ್ಷಿ ಇಬ್ಬರನ್ನೂ ನೋಡುವುದು. "ಅಕ್ಕನನ್ನು ನೋಡಿ ಕಲಿ. ಅವಳ ಕಾಲ ಧೂಳಿಗೂ ಸಮ ಇಲ್ಲ ನೀನು," ಎಂದು ಮಗನಿಗೆ ಬೈಗುಳ. ಅವನು ಲೆಕ್ಕ ತಪ್ಪಿದರೆ ಬೈಗುಳ ಮಗಳಿಗೆ. "ನೀನು ಸರಿ ಹೇಳಿಕೊಟ್ಟಿದ್ದರೆ ಅವನಿಗೆ ಯಾಕೆ ಬರುವುದಿಲ್ಲ? ನಿನಗೆ ಬರುವುದನ್ನೆಲ್ಲ ಬಚ್ಚಿಟ್ಟುಕೊಳ್ತಿ." ಕೈ ಕೆಸರಾದರೆ ಬಾಯಿ ಮೊಸರು ಎಂದು ಮಾಸ್ಟ್ರು ಬೋರ್ಡಿನಲ್ಲಿ ಬರೆಸುತ್ತಿದ್ದ ಗಾದೆ. ಆ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಇಬ್ಬರೂ ಒಟ್ಟಿಗೇ ಹೈಸ್ಕೂಲಿಗೆ ಹೋದರು. ಕಾಂತಿ ಅಲ್ಲೂ ಮುಂದು. ತೊಂಬತ್ತೇಳರ ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಫಸ್ಟ್ ಕ್ಲಾಸು ಬಂತು. ಧನರಾಜ ಗಣಿತ ಮತ್ತು ಇಂಗ್ಲಿಷಿನಲ್ಲಿ ಮಗುಚಿ ಬಿದ್ದ. ಫಲಿತಾಂಶದ ದಿನ ಮನೆಯಲ್ಲಿ ಸೂತಕ. ಪದ್ಮಾಕ್ಷಿ ಒಲೆ ಹಚ್ಚಲಿಲ್ಲ. ಕಾಂತಿ ತನ್ನ ಅಂಕವನ್ನು ಕಳ್ಳಮಾಲಿನ ಹಾಗೆ ಒಳಗೇ ಇಟ್ಟುಕೊಂಡಳು. ನಗುವ ಹಾಗಿಲ್ಲ, ಹೇಳುವ ಹಾಗಿಲ್ಲ. ಮುಂದೇನಾಯಿತು ಎಂದು ಹೇಳಬೇಕಾಗಿಯೇ ಇಲ್ಲ. ಅವನು ಪಾಸಾಗಲಿ, ಒಟ್ಟಿಗೇ ಕಾಲೇಜಿಗೆ ಹೋಗಲಿ, ಅಲ್ಲಿಯವರೆಗೆ ಇವಳು ಮನೆಯಲ್ಲಿ ಕೂತು ಅವನಿಗೆ ಹೇಳಿಕೊಡಲಿ. ಹೀಗೆ ಇನ್ನೊಂದು ವರ್ಷ ಹೋಯಿತು. ಕಾಂತಿ ಅಳಲಿಲ್ಲ. ಹಲ್ಲು ಕಚ್ಚಿ ಹೇಳಿಕೊಟ್ಟಳು. ಅವನನ್ನು ದಡ ಮುಟ್ಟಿಸದೆ ತನಗೆ ದಡ ಇಲ್ಲ ಎಂದು ಆಗ ಅವಳಿಗೆ ಗೊತ್ತಾಗಿತ್ತು. ಮರುವರ್ಷ ಅವನು ಹೇಗೋ ಪಾಸಾದ.

ಬೆಳ್ತಂಗಡಿಯ ಕಾಲೇಜಿಗೆ ಇಬ್ಬರೂ ಸೇರಿದರು. ಕಾಂತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪಾಠ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಎರಡೇ ವರ್ಷ, ಆಮೇಲೆ ಟಿ.ಸಿ.ಎಚ್. ಧನರಾಜ ಗುರುವಾಯನಕೆರೆಯಲ್ಲೇ ಇಳಿದುಬಿಡುತ್ತಿದ್ದ. ಅಲ್ಲಿ ಜೀಪಿನವರ ಜೊತೆ ಅವನಿಗೆ ಸ್ನೇಹ. ಗಾಡಿಯ ಅಡಿಯಲ್ಲಿ ಮಲಗಿ ಗ್ರೀಸು ಮೆತ್ತಿಕೊಂಡರೆ ಅವನ ಮುಖದಲ್ಲಿ ಕಳೆ ಬರುತ್ತಿತ್ತು. ಕಾಂತಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ತನ್ನ ಕಾಲಿಗೇ ಕೊಡಲಿ.

ದೀಪಾವಳಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವನೇ ಹೇಳಿದ. "ನಾಳೆಯಿಂದ ನಾನು ಕಾಲೇಜಿಗೆ ಇಲ್ಲ. ಡ್ರೈವಿಂಗ್ ಕಲೀತೇನೆ." ಧರ್ಣಪ್ಪ ಬಟ್ಟಲು ಎತ್ತಿ ಎಸೆದ. ಪದ್ಮಾಕ್ಷಿ ಎದೆ ಬಡಿದುಕೊಂಡಳು. ಗಲಾಟೆಯೆಲ್ಲ ಮುಗಿದು, ಮಗ ಜಗ್ಗುವವನಲ್ಲ ಎಂದು ಖಾತ್ರಿಯಾದ ಮೇಲೆ ಧರ್ಣಪ್ಪ ಕೈ ತೊಳೆಯುತ್ತಾ ಅಂದ, "ಹಾಗಾದರೆ ಕಾಂತಿಯನ್ನೂ ಬಿಡಿಸುವ. ಒಬ್ಬಳೇ ಹೇಗೆ ಹೋಗುವುದು?"

ಮರುದಿನ ಬೆಳಗ್ಗೆ ಹಟ್ಟಿಯ ಹಿಂದೆ ಕಾಂತಿ ತಮ್ಮನನ್ನು ಹಿಡಿದು ನಿಲ್ಲಿಸಿದಳು.

"ಧನು, ನೀನು ಓದುವುದು ಬೇಡ. ಪರೀಕ್ಷೆಯೂ ಬೇಡ. ಬಸ್ಸಿಗೆ ಮಾತ್ರ ಬಾ. ಎರಡು ವರ್ಷ ಸುಮ್ಮನೆ ಬಂದು ಹೋಗು. ಗುರುವಾಯನಕೆರೆಯಲ್ಲಿ ನೀನು ಎಂಥ ಬೇಕಾದರೂ ಮಾಡು, ನಾನು ಬಾಯಿ ಬಿಡುವುದಿಲ್ಲ."

"ನನ್ನಿಂದಾಗುವುದಿಲ್ಲ."

"ನಿನಗೋಸ್ಕರ ನಾನು ಎರಡು ವರ್ಷ ಕೂತಿದ್ದೇನೆ ಧನು."

ಅವನು ಅವಳ ಕೈ ಕೊಡವಿದ. "ಕೂತದ್ದೇ ದೊಡ್ಡ ಉಪಕಾರ ಅಂತ ತಿಳಿದಿದ್ದೀಯಾ? ನೀನು ಪಕ್ಕಕ್ಕೆ ಬರುವವರೆಗೆ ನಾನು ತಪ್ಪೋ ಸರಿಯೋ ಲೆಕ್ಕ ಮಾಡ್ತಿದ್ದೆ. ನೀನು ಬಂದ ಮೇಲೆ ಮಾಸ್ಟ್ರು ನನ್ನ ಹತ್ರ ಪ್ರಶ್ನೆ ಕೇಳಿ ನಿನ್ನ ಮುಖ ನೋಡ್ತಿದ್ರು. ಮನೆಗೆ ಬಂದ್ರೆ ಅಕ್ಕನನ್ನು ನೋಡು, ಅಕ್ಕನನ್ನು ನೋಡು. ನೋಡಿ ನೋಡಿ ಸಾಕಾಯ್ತು ಮಾರಾಯ್ತಿ! ಈಗ ನಿನ್ನ ಮುಖ ಕಂಡರೇ ನನಗೆ ಆಗುವುದಿಲ್ಲ."

"ನಾನು ಕೇಳಿ ಬಂದು ಕೂತದ್ದಾ?"

"ನಾನು ಕರೆದದ್ದಾ?"

ಆ ಎರಡು ವರ್ಷ ತನಗೆ ದಕ್ಕದಿದ್ದರೂ ಅವನಿಗಾದರೂ ದಕ್ಕಿತಲ್ಲ ಎಂದು ಕಾಂತಿ ಸಮಾಧಾನ ಮಾಡಿಕೊಂಡಿದ್ದಳು. ಅದೂ ಹೋಯಿತು. ಯಾರ ಹೊಟ್ಟೆಗೂ ಸೇರದ ಅನ್ನ ಬೇಯಿಸಿದಂತಾಯಿತು. ಧನರಾಜ ತಲೆ ತಗ್ಗಿಸಿಕೊಂಡು ಬಸ್ಸಿನ ದಾರಿ ಹಿಡಿದ, ಕಾಂತಿ ಹಟ್ಟಿಯ ಸೆಗಣಿ ತೆಗೆದಳು.

ಎರಡು ವರ್ಷ ಬೀಡಿ ಕಟ್ಟಿದ ಮೇಲೆ ಅವಳಿಗೆ ಮೂಡುಬಿದಿರೆಗೆ ಮದುವೆಯಾಯಿತು. ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿಯ ಕೆಲಸ, ಮನುಷ್ಯ ಒಳ್ಳೆಯವನು. ಅಲ್ಲೂ ಬೀಡಿ ಕಟ್ಟಿದಳು. ಮಗಳು ಮೋಕ್ಷಿತಾ ಹುಟ್ಟಿದಳು. ಇತ್ತ ಧನರಾಜ ಮೊದಲು ಜೀಪು, ಆಮೇಲೆ ಸ್ವಂತದ ಪಿಕಪ್ ತೆಗೆದ. ಗಾಡಿಯ ಕೆಲಸದಲ್ಲಿ ಅವನು ಗಟ್ಟಿಗ. ಮನೆಗೆ ಟೆರೇಸು ಬಂತು, ಹೆಂಡತಿ ಬಂದಳು, ಮಗ ಹುಟ್ಟಿದ. "ಓದಿಸಿದ್ದಕ್ಕೆ ಸಾರ್ಥಕವಾಯ್ತು" ಎಂದು ಪದ್ಮಾಕ್ಷಿ ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ತಿರುಗಿದಳು. ಕೇಳಿದವರು ಹೌದು ಹೌದೆಂದರು.

ಎರಡು ಸಾವಿರದ ಒಂಬತ್ತರ ಬೇಸಗೆ ರಜೆಯಲ್ಲಿ ಕಾಂತಿ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮೋಕ್ಷಿತಾ ಎರಡನೆಯ ಕ್ಲಾಸು ಮುಗಿಸಿದ್ದಳು, ಅಂಗಡಿಯ ಬೋರ್ಡು ಕಂಡರೂ ಓದದೆ ಬಿಡುವವಳಲ್ಲ. ಅಂದು ಅವಳು ಜಗಲಿಯಲ್ಲಿ ಕೂತು ಮಾವನ ಮಗನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಆ ಹುಡುಗ ಅಂಗಳದಲ್ಲಿ ಸೈಕಲ್ಲಿನ ಚಕ್ರ ಬಿಚ್ಚುತ್ತಿದ್ದ. ಪದ್ಮಾಕ್ಷಿ ಮಗಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತಳು.

"ಇವಳು ಭಾರೀ ಹುಷಾರುಂಟು. ಇವನಿಗೆ ಪುಸ್ತಕ ಕಂಡರಾಗುವುದಿಲ್ಲ. ಒಂದು ವರ್ಷ ಇವಳನ್ನು ಇಲ್ಲೇ ಬಿಡು ಮಗಾ, ಇಲ್ಲಿಯ ಶಾಲೆಗೇ ಹಾಕುವ. ಇವನೊಟ್ಟಿಗೆ ಎರಡರಲ್ಲೇ ಕೂರ್ಲಿ. ಇವಳನ್ನು ನೋಡಿ ಅವನೂ ಕಲೀತಾನೆ."

ಕಾಂತಿ ಚಹಾದ ಲೋಟ ಕೆಳಗಿಟ್ಟಳು. "ಅಮ್ಮಾ, ನಾನು ಏಳನೆಯ ಕ್ಲಾಸಲ್ಲಿ ಎರಡು ಸಲ ಕೂತದ್ದು ಯಾಕೆ ಅಂತ ನೆನಪುಂಟಾ?"

ಪದ್ಮಾಕ್ಷಿ ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಂಡಳು.

"ನೀನು ಒಂದು ಸಲ ಫೇಲಾಗಿದ್ದೆಯಲ್ಲ? ಆದರೂ ನಾವು ನಿನ್ನನ್ನು ಬಿಡಿಸಲಿಲ್ಲ ಮಗಾ. ಬೇರೆಯವರಾದರೆ ಆಗಲೇ ಬೀಡಿಗೆ ಕೂರಿಸ್ತಿದ್ರು. ಪುನಃ ಒಂದು ವರ್ಷ ಓದಿಸಿದ್ದೇವೆ."

ಅವಳ ಮುಖದಲ್ಲಿ ಒಂದು ಚೂರೂ ಕಪಟ ಇರಲಿಲ್ಲ. ತಮ್ಮನಿಗಾಗಿ ಮಾಡಿದೆವು ಎಂದು ಅಮ್ಮ ಹೇಳಿದ್ದರೆ ಕೊಡಲು ಕಾಂತಿಯ ಬಳಿ ಹದಿನೈದು ವರ್ಷ ಕುದಿಸಿಟ್ಟ ಉತ್ತರ ಇತ್ತು. ಕಳೆದುಕೊಂಡದ್ದನ್ನು ಕೊಡಿ ಎಂದು ಕೇಳಬಹುದು. ಕಳೆದುಕೊಂಡೇ ಇಲ್ಲ ಎಂದರೆ ಯಾರ ಹತ್ತಿರ ಕೇಳುವುದು?

"ಮೋಕ್ಷಿತಾ, ಚಪ್ಪಲಿ ಹಾಕು. ಹೋಗುವ."

"ಎಂಥದಾಯ್ತು ಈಗ? ಊಟ ಮಾಡಿ ಹೋಗಿ."

"ಇವಳನ್ನು ಬಿಡುವುದಿಲ್ಲ ಅಮ್ಮ. ಅವನು ಫೇಲಾಗುವುದಾದರೆ ಅವನೇ ಆಗಲಿ."

ಚೀಲ ಎತ್ತಿಕೊಂಡು ಅಂಗಳ ದಾಟುವಾಗ ಅಮ್ಮ ಒಳಗೆ ಸೊಸೆಗೆ ಹೇಳುತ್ತಿದ್ದದ್ದು ಕೇಳಿತು. ಇವಳಿಗೆ ಸಣ್ಣದಿರುವಾಗಿನಿಂದಲೂ ತಮ್ಮನ ಮೇಲೆ ಹೊಟ್ಟೆಕಿಚ್ಚು, ಎಂದು.

ಗುಡ್ಡದ ದಾರಿಯಲ್ಲಿ ಅರ್ಧ ಬಂದ ಮೇಲೆ ಮೋಕ್ಷಿತಾ ಕೇಳಿದಳು, "ಅಮ್ಮಾ, ನೀನು ಏಳನೇ ಕ್ಲಾಸಲ್ಲಿ ಫೇಲಾ?"

"ಇಲ್ಲ ಮಗಾ. ಶಾಲೆಗೇ ಫಸ್ಟ್ ಬಂದಿದ್ದೆ."

"ಮತ್ತೆ ಅಜ್ಜಿ ಹೇಳಿದ್ದು?"

"ಅಜ್ಜಿಗೆ ನೆನಪಿಲ್ಲ."

ಮಗು ಆಯಿತೆಂದು ತಲೆಯಾಡಿಸಿತು. ಆದರೆ ನಂಬಲಿಲ್ಲ. ಅಮ್ಮನಿಗೆ ನಾಚಿಕೆಯಾಗಬಾರದೆಂದು ಇನ್ನೇನೂ ಕೇಳದೆ ಸುಮ್ಮನೆ ಜೊತೆಯಲ್ಲಿ ನಡೆಯಿತು.