ಹರವಿ ಒಡೆದವರು

ಮೂಡಲಗಿಯ ಆ ಖಾಸಗಿ ಹೈಸ್ಕೂಲಿಗೆ ನಾನು ಶಿಕ್ಷಕಿಯಾಗಿ ಸೇರಿದಾಗ ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಹೆಚ್ಚು ದಿನವಾಗಿರಲಿಲ್ಲ. ಊರಿನವರಿಗೆ ಹೊಸ ಸರಕಾರದ ಮೇಲೆ ಎಷ್ಟು ಸಂಶಯವಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ಗೋಕಾಕದಲ್ಲಿ ತಂದೆ ತಾಯಿ ಇರುವ, ಇನ್ನೂ ಮದುವೆಯಾಗದ ಹೆಣ್ಣುಮಗಳು ಇಲ್ಲಿಗೆ ಬಂದು ಕೋಣೆ ಹಿಡಿದು ಇರುವುದೆಂದರೆ ಏನೋ ಇರಬೇಕು ಎಂದು ಅವರ ಲೆಕ್ಕ. ಮನೆಯ ಒಡತಿ ಮೊದಲ ದಿನವೇ ಹತ್ತಿರ ಕೂತು ಕೇಳಿದಳು.

“ಅಕ್ಕಾರ, ನಿಮ್ಮ ಮನ್ಯಾಗ ಏನರ ತ್ರಾಸ ಐತೇನ್ರಿ?”

“ಇಲ್ರಿ. ಕಲಸಾಕ ಬಂದೇನಿ.”

“ಹೌದ್ರಿ, ಕಲಸಾಕ ಬಂದೀರಿ. ಅದು ಗೊತ್ತಾತು. ಆದರ ಯಾಕ ಬಂದೀರಿ?”

ಇದಕ್ಕೆ ನಾನು ಏನು ಉತ್ತರ ಕೊಟ್ಟರೂ ಆಕೆಗೆ ಸಮಾಧಾನವಾಗಲಿಲ್ಲ.

ಶಾಲೆ ನಡೆಯುತ್ತಿದ್ದುದು ಹಳೆಯ ಹತ್ತಿ ಗೋದಾಮಿನಲ್ಲಿ. ತಗಡಿನ ಮಾಡು, ನಡುವೆ ಬಿದಿರಿನ ತಟ್ಟಿ ಕಟ್ಟಿ ಮಾಡಿದ ವರ್ಗಗಳು, ಅಂಗಳದಲ್ಲಿ ಒಂದು ಬಾವಿ. ಗೋದಾಮು ಶಾಲೆ ನಡೆಸುವ ಸಂಸ್ಥೆಯ ಚೇರಮನ್ನರದು. ಅವರು ಊರಿನ ದೊಡ್ಡ ಜಮೀನುದಾರರು. ಹೆಡ್ ಮಾಸ್ತರರು ಹುಕ್ಕೇರಿಯವರು, ನಡುವಯಸ್ಸಿನವರು, ಒಂಟಿಯಾಗಿ ಇದ್ದರು. ಅವರು ಎಲ್ಲರನ್ನೂ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಮುಂದಿನ ಚುನಾವಣೆಗೆ ನಿಲ್ಲುತ್ತಾರೆ, ಅದಕ್ಕೇ ಈ ನಗುಮುಖ ಎಂದು ಊರು ತೀರ್ಮಾನಿಸಿತ್ತು. ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಅಷ್ಟು ಒಳ್ಳೆಯ ಮಾತಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಅಳುಕು.

ಮಕ್ಕಳು ನಾಗನೂರಿನಿಂದ ನಡೆದು ಬರುತ್ತಿದ್ದರು. ಕೌಜಲಗಿ, ಮೇಲವಂಕಿ ಕಡೆಯವರು ಮೂಡಲಗಿಯಲ್ಲೇ ಸಂಬಂಧಿಕರ ಮನೆಯಲ್ಲಿ ಇದ್ದು ಕಲಿಯುತ್ತಿದ್ದರು. ವರ್ಗದಲ್ಲಿ ಒಂದೊಂದು ಊರಿನವರು ಒಂದೊಂದು ಕಡೆ, ಅದರೊಳಗೆ ಮತ್ತೆ ಜಾತಿಯವರು ಜಾತಿಯವರೊಡನೆ. ಪಡಸಾಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿ ಇತ್ತು. ಅದರಿಂದ ಬಹಳ ದೂರ, ಪಡಸಾಲೆಯ ಕೊನೆಯಲ್ಲಿ, ಒಂದು ಸಣ್ಣ ಗಡಿಗೆ. ಯಾವುದು ಯಾರಿಗೆ ಎಂದು ಯಾರೂ ಹೇಳಿರಲಿಲ್ಲ, ಆದರೆ ಒಬ್ಬ ಹುಡುಗನೂ ತಪ್ಪಿರಲಿಲ್ಲ.

ಹೊಸ ವರ್ಷದ ಶಾಲೆ ಶುರುವಾದ ಮೇಲೆ ಹೆಡ್ ಮಾಸ್ತರರು ಆ ಸಣ್ಣ ಗಡಿಗೆಯನ್ನು ತೆಗೆಸಿ ತುಳಸಿ ಗಿಡಕ್ಕೆ ನೀರು ಹಾಕಲು ಇಟ್ಟರು. ಮಕ್ಕಳನ್ನೆಲ್ಲ ಬೆರೆಸಿ ತಂಡಗಳನ್ನು ಮಾಡಿದರು. ಕಸ ಗುಡಿಸುವುದು, ಗಿಡ ನೋಡಿಕೊಳ್ಳುವುದು, ಬಾವಿಯಿಂದ ನೀರು ಸೇದಿ ಹರವಿ ತುಂಬುವುದು, ಎಲ್ಲವೂ ವಾರಕ್ಕೊಂದು ತಂಡದ ಪಾಳಿ. ಮೊದಲ ವಾರದ ತಂಡದಲ್ಲಿ ಹರವಿ ತುಂಬುವ ಕೆಲಸ ಎಂಟನೆಯ ವರ್ಗದ ಒಬ್ಬ ಹುಡುಗಿಯ ಪಾಲಿಗೆ ಬಂತು. ಅವಳ ತಂದೆ ಪಲ್ಟನ್ನಿನಲ್ಲಿ ಸೈನಿಕರಾಗಿದ್ದು ನಿವೃತ್ತರಾಗಿ ಬಂದವರು. ಊರ ಹೊರಗಿನ ಕೇರಿಯಲ್ಲಿ ಆ ಕುಟುಂಬ ಸ್ವಲ್ಪ ದಿನಗಳ ಹಿಂದೆ ಬೌದ್ಧಧರ್ಮ ತೆಗೆದುಕೊಂಡಿತ್ತು.

ಆ ವಾರ ಮಕ್ಕಳಿಗೆ ನೀರಡಿಕೆಯೇ ಆಗಲಿಲ್ಲ. ಬೇಸಗೆ ಪೂರ್ತಿ ಇಳಿದಿರಲಿಲ್ಲ, ಕಾದ ತಗಡಿನ ಕೆಳಗೆ ಕೂತು ತುಟಿ ಒಣಗಿಸಿಕೊಂಡು ಪಾಠ ಕೇಳಿದರು. ಬುತ್ತಿ ಬಿಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಬಜಾರದ ಕಡೆ ಜಾರುತ್ತಿದ್ದರು. ನನಗೆ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಹರವಿ ತುಂಬಿದ ಆ ಹುಡುಗಿಯೂ ಅದರ ನೀರನ್ನು ಮುಟ್ಟಲಿಲ್ಲ.

ಸೋಮವಾರ ಮುಂಜಾನೆ ನಾವು ಬಂದು ನೋಡಿದರೆ ಹರವಿ ಒಡೆದು ಬಿದ್ದಿತ್ತು. ಹೆಡ್ ಮಾಸ್ತರರು ಯಾರನ್ನೂ ಬೈಯಲಿಲ್ಲ, ಯಾರನ್ನೂ ಕೇಳಲಿಲ್ಲ. ಕುಂಬಾರರ ಮನೆಯಿಂದ ಹೊಸ ಹರವಿ ತರಿಸಿದರು. ಅದೂ ಒಂದು ವಾರ ಬಾಳಲಿಲ್ಲ.

ಆಮೇಲೆ ಶಾಲೆಯ ಗಾಳಿಯೇ ಬದಲಾಯಿತು. ಗಣಿತದ ಮಾಸ್ತರರು ನನ್ನ ಬಾಜೂ ಕೂತು ಮೆಲ್ಲಗೆ ಹೇಳಿದರು.

“ಒಡಸಾವ್ರು ಹೆಡ್ ಮಾಸ್ತರ ಅದಾರ್ರಿ. ಚೇರಮನ್ನರ ಮ್ಯಾಲೆ ತಪ್ಪ ಹಾಕಿ ಊರಾಗ ಹೆಸರು ತಗೋಬೇಕಂತ.”

ಚೇರಮನ್ನರು ಶಾಲೆಗೆ ಬಂದು, ಯಾರೂ ಕೇಳದಿದ್ದರೂ, “ನನ್ನ ಗೋದಾಮಿನಾಗ ನಾನ ಗಡಿಗಿ ಒಡಸ್ತೇನೇನು?” ಎಂದು ಹೇಳಿ ಹೋದರು. ಕೇಳದೆ ಯಾಕೆ ಹೇಳಿದರು ಎಂದು ಎಲ್ಲರಿಗೂ ಅವರ ಮೇಲೆ ಗುಮಾನಿ ಬಂತು. ನನಗೆ ಗಣಿತದ ಮಾಸ್ತರರ ಮೇಲೇ ಸಂಶಯವಿತ್ತು. ಅವರು ಮನೆಯಿಂದ ತಂಬಿಗೆಯಲ್ಲಿ ನೀರು ತರುತ್ತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸುವ ಶಾಲೆಯ ಸಿಪಾಯಿ ನನಗೊಂದು ಸುದ್ದಿ ಹೇಳಿದ. ಗಣಿತದ ಮಾಸ್ತರರ ಪ್ರಕಾರ ಒಡೆದವಳು ನಾನೇ ಅಂತೆ. ಹೊಸದಾಗಿ ಬಂದವಳು, ಯಾರು ಕಳಿಸಿದ್ದಾರೋ ಗೊತ್ತಿಲ್ಲ ಎಂದು ಅವರ ವಾದ.

ಅದೇ ಹೊತ್ತಿಗೆ ಆ ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಳು. ಮನೆಗೆ ಹೋಗಿ ನೋಡಿಬರಲು ಹೆಡ್ ಮಾಸ್ತರರು ನನ್ನನ್ನು ಕಳಿಸಿದರು. ಮನೆ ಮನೆಗೆ ಹೋಗುವುದು ನನಗೆ ಹೊಸದೇನಲ್ಲ. ಹುಡುಗಿಯರನ್ನು ಶಾಲೆಗೆ ಕಳಿಸಿರೆಂದು ಕೇಳಲು ನಾಗನೂರಿನ ಕುರುಬರ ಮನೆಗಳಿಗೂ ಹೋಗಿದ್ದೆ. ಅಲ್ಲಿ ಒಬ್ಬ ಮುದುಕಿ ನಾನು ಬಾಯಿ ಬಿಡುವ ಮೊದಲೇ, “ನಮ್ಮಲ್ಲಿ ಕುರಿ ಇಲ್ಲವ್ವಾ” ಎಂದಿದ್ದಳು. ಹಿತ್ತಲಲ್ಲಿ ಹಟ್ಟಿ ತುಂಬ ಕುರಿಗಳು ಒದರುತ್ತಿದ್ದವು. ಕೈಚೀಲ ಹಿಡಿದು ಬರುವವರೆಲ್ಲ ಕುರಿ ಎಣಿಸಿ ತೆರಿಗೆ ಹಾಕುವವರೇ ಎಂದು ಆಕೆಯ ತಿಳಿವಳಿಕೆ. ಆದರೂ ಕೊನೆಗೆ ಮೊಮ್ಮಗಳನ್ನು ಕಳಿಸಿದ್ದಳು.

ಕೇರಿಯ ಆ ಮನೆ ಚೊಕ್ಕವಾಗಿತ್ತು. ಗೂಟಕ್ಕೆ ಖಾಕಿ ಕೋಟು, ಗೋಡೆಗೆ ಬುದ್ಧನ ಪಟ, ಪಟಕ್ಕೆ ಚೆಂಡುಹೂವು. ತಾಯಿ ಚಾಪೆ ಹಾಸಿದಳು, ನೀರು ಕೊಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದೇ ನೀರು. ನಾನೇ ಕೇಳಿದೆ.

“ಒಂದು ತಂಬಿಗಿ ನೀರ ಕೊಡ್ರಿ.”

ಎದ್ದ ತಾಯಿಯನ್ನು ತಂದೆ ಕೈಸನ್ನೆಯಿಂದ ತಡೆದರು.

“ಬ್ಯಾಡ್ರಿ ಅಕ್ಕಾರ. ನೀವು ಇಲ್ಲಿ ಕುಡೀತೀರಿ, ನಾಳೆ ಊರಾಗ ಹೇಳ್ತೀರಿ. ಮಂದಿ ನಿಮ್ಮನ್ನ ಏನೂ ಅನ್ನಾಂಗಿಲ್ಲ. ನಮ್ಮ ಬಾಗಲಕ್ಕ ಬರ್ತಾರ. ಮೊದಲ ಹೇಳ್ರಿ, ನಿಮ್ಮನ್ನ ಯಾರು ಕಳಸ್ಯಾರ?”

“ಹೆಡ್ ಮಾಸ್ತರ ಕಳಸ್ಯಾರ್ರಿ. ಮಗಳು ಯಾಕ ಬರವಲ್ಲಳು ಅಂತ.”

“ನಾನ ಬಿಡಸೇನಿ. ಹರವಿ ಒಡದಾವನೂ ನಾನ. ಹೊಲಕ್ಕ ಹೋಗೂ ದಾರ್ಯಾಗ ಹೊಕ್ಕು ಒಡದೇನಿ.”

ಅಷ್ಟು ಸರಳವಾಗಿ ಹೇಳಿದರು. ಊರಿನ ಯಾರ ಯಾರ ಮೇಲೋ ನಾವು ಸಂಶಯ ಪಟ್ಟಿದ್ದೆವು, ಈ ಮನೆಯ ಮೇಲೆ ಒಬ್ಬರೂ ಪಟ್ಟಿರಲಿಲ್ಲ.

“ನಿಮ್ಮ ಮಗಳ ಸಲುವಾಗೇ ಅಲ್ರಿ ಆ ಹರವಿ ಒಂದು ಮಾಡಿದ್ದು?”

“ನಮ್ಮನ್ನ ಕೇಳಿ ಮಾಡಿದ್ರೇನು? ನಾಳೆ ಮತ್ತ ಆಕಿ ಪಾಳಿ ಬಂದಾಗ ಒಂದು ಹುಡುಗನ ಹೊಟ್ಟಿ ನೋಯ್ತದ ಅಂತ ತಿಳೀರಿ. ಹಸೀ ಮಾವಿನಕಾಯಿ ತಿಂದೇ ನೊಂದಿರಲಿ. ನೀರ ತುಂಬಿದಾಕಿ ಯಾರು ಅಂತ ಮೊದಲ ಕೇಳ್ತಾರ. ಆಗ ನಿಮ್ಮ ಹೆಡ್ ಮಾಸ್ತರ ಹುಕ್ಕೇರಿ ಹಾದಿ ಹಿಡೀತಾರ. ನೀವು ಗೋಕಾಕಕ್ಕ ಹೋಗ್ತೀರಿ. ನಾವು ಎಲ್ಲಿಗೆ ಹೋಗೂದು?”

ಹುಡುಗಿ ಒಲೆಯ ಹತ್ತಿರ ಬೆನ್ನು ಹಾಕಿ ಕೂತಿದ್ದಳು. ನೀರು ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದೂ ತಂದೆಯೇ. ಏಳುವಾಗ ನಾನು ಇದನ್ನು ಹೆಡ್ ಮಾಸ್ತರರಿಗೆ ಹೇಳಬಹುದೇ ಎಂದು ಕೇಳಿದೆ.

“ಹೇಳ್ರಿ. ಬ್ಯಾಡಂದ್ರ ಸುಮ್ಮನ ಇರ್ತೀರೇನು?” ಎಂದರು.

ಹೆಡ್ ಮಾಸ್ತರರಿಗೆ ಮೊದಲು ಸಿಟ್ಟು ಬಂತು. ಅವರ ನಗುಮುಖ ಇಲ್ಲದೆ ಹೋದದ್ದನ್ನು ನಾನು ಕಂಡದ್ದು ಆವತ್ತೇ. “ಇಷ್ಟೆಲ್ಲಾ ಯಾರ ಸಲುವಾಗಿ ಮಾಡಿದೆ ನಾನು?” ಎಂದು ಕುರ್ಚಿ ದೂಡಿ ಎದ್ದರು. ಅಂಗಳದಲ್ಲಿ ಸ್ವಲ್ಪ ಹೊತ್ತು ತಿರುಗಾಡಿದರು. ಮರುದಿನ ಸಂಜೆ ತಾವೇ ಆ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬಂದವರು, ಪಾಲಕರನ್ನೆಲ್ಲ ರವಿವಾರ ಕರೆಯಬೇಕು ಎಂದರು. ಹುಡುಗಿಯ ತಂದೆ, ಆ ನಿವೃತ್ತ ಸೈನಿಕರು, ಎರಡು ಕರಾರು ಹಾಕಿದ್ದರು. ಮಕ್ಕಳಿಗಿಂತ ಮೊದಲು ದೊಡ್ಡವರು, ಎಲ್ಲರ ಎದುರಿಗೆ, ಆ ನೀರು ಕುಡಿಯಬೇಕು. ಮತ್ತು ತಮ್ಮ ಮಗಳು ಒಬ್ಬಳೇ ಹರವಿ ತುಂಬಬಾರದು. ಅವಳ ಜೊತೆಗೆ ಅದೇ ಶಾಲೆಯಲ್ಲಿ ಕಲಿಯುವ ಚೇರಮನ್ನರ ಮೊಮ್ಮಗಳೂ ನಾಗನೂರಿನ ಕುರುಬರ ಆ ಹುಡುಗಿಯೂ ಕೈ ಹಾಕಬೇಕು. ನಾಳೆ ಯಾರಿಗಾದರೂ ಹೊಟ್ಟೆ ನೊಂದರೆ ಮೂವರ ಹೆಸರೂ ಬರಲಿ ಎಂದು.

ರವಿವಾರ ಅಷ್ಟು ಜನ ಬರುತ್ತಾರೆ ಎಂದು ನನಗೆ ಎನಿಸಿರಲಿಲ್ಲ. ಬಂದವರು ಮಕ್ಕಳ ಹಾಗೆಯೇ ತಮ್ಮ ತಮ್ಮವರ ಹತ್ತಿರ ಕೂತರು. ವಂತಿಗೆ ಕೇಳುತ್ತಾರೆ ಎಂದು ಕೆಲವರಿಗೆ, ಮತ ಕೇಳುತ್ತಾರೆ ಎಂದು ಕೆಲವರಿಗೆ ಸಂಶಯ. ಸೈನಿಕರು ಖಾಕಿ ಕೋಟು ತೊಟ್ಟು ಬಾಗಿಲಲ್ಲೇ ನಿಂತರು. ಮೂವರು ಹುಡುಗಿಯರು ಎಲ್ಲರೂ ನೋಡುತ್ತಿದ್ದಂತೆ ನೀರು ಸೇದಿ, ಕೊಡ ಹೊತ್ತು, ಹೊಸ ಹರವಿಗೆ ಸುರಿದರು. ಹೆಡ್ ಮಾಸ್ತರರು ಬಹಳ ಉದ್ದ ಭಾಷಣ ಮಾಡಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವರು ಕುಡಿದರು, ನಾನು ಕುಡಿದೆ. ಗಣಿತದ ಮಾಸ್ತರರಿಗೆ ಕೆಮ್ಮು ಬಂತು. ಚೇರಮನ್ನರು, “ನಾ ಈಗರ ಚಾ ಕುಡದು ಬಂದೇನಿ” ಎಂದರು.

ಆಗ ನಾಗನೂರಿನ ಆ ಮುದುಕಿ ಎದ್ದಳು. ಮಗ ಕುರಿ ಹೊಡೆದುಕೊಂಡು ಹೋಗಿದ್ದರಿಂದ ಸಭೆಗೆ ತಾನೇ ನಡೆದು ಬಂದಿದ್ದಳು.

“ಇಷ್ಟ ಮಾತ ಕೇಳಾಕ ಕರಸೀರೇನು? ನಾ ಅಲ್ಲಿಂದ ಬಿಸಲಾಗ ಬಂದೇನಿ, ನಾಲಿಗಿ ಒಣಗೇತಿ. ಕೊಡವ್ವಾ ಇಲ್ಲೆ.”

ಕೈ ಚಾಚಿದ್ದು ಸೈನಿಕರ ಮಗಳ ಕಡೆಗೆ. ತುಂಬಿದ ತಂಬಿಗೆಯನ್ನು ಎತ್ತಿ ಗಟಗಟ ಕುಡಿದಳು, ಇನ್ನೊಂದು ಕೇಳಿದಳು. ಅದನ್ನು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೆಡ್ ಮಾಸ್ತರರನ್ನು ದಿಟ್ಟಿಸಿದಳು.

“ಕುಡದದ್ದಕ್ಕ ಎಲ್ಲೆರ ಹೆಬ್ಬಟ್ಟ ಒತ್ತಬೇಕೇನ್ರಿ?”

ಯಾರೋ ನಕ್ಕರು. ಕುರುಬರ ಕಡೆಯವರು ಕೆಲವರು ಎದ್ದು ಬಂದರು. ಚೇರಮನ್ನರ ಮೊಮ್ಮಗಳು ಲೋಟ ಹಿಡಿದು ಅಜ್ಜನ ಮುಂದೆ ಹೋಗಿ ನಿಂತಳು. ಅವರು ಅವಳನ್ನು ನೋಡಿದರು, ಸುತ್ತ ನೋಡಿದರು, ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡರು. ಆ ಹೊತ್ತಿಗೆ ಹಿಂದಿನ ಸಾಲಿನವರು ಕೆಲವರು ಎದ್ದು ಹೊರಟಿದ್ದರು. ಹೆಡ್ ಮಾಸ್ತರರು ಸೈನಿಕರಿಗೆ ತಾವೇ ಲೋಟ ಒಯ್ದರು.

“ನನಗ ನೀರಡಿಸಿಲ್ರಿ” ಎಂದರು ಅವರು. ಯಾರು ಕುಡಿದರು, ಯಾರು ಎದ್ದು ಹೋದರು ಎಂಬುದರ ಮೇಲೇ ಅವರ ಕಣ್ಣು ನೆಟ್ಟಿತ್ತು.

ಮುಂದಿನ ವಾರ ಕೆಲವರು ಮಕ್ಕಳನ್ನು ಬಿಡಿಸಿ ಗೋಕಾಕದ ಶಾಲೆಗೆ ಹಾಕಿದರು. ಅವರಲ್ಲಿ ಒಂದಿಬ್ಬರು ಮರಳಿ ಬಂದರು, ಉಳಿದವರು ಬರಲಿಲ್ಲ. ಹರವಿ ಮತ್ತೆ ಒಡೆಯಲಿಲ್ಲ. ಆ ಹುಡುಗಿ ಶಾಲೆಗೆ ಬಂದಳು, ನೀರನ್ನೂ ಕುಡಿದಳು.

ನಾನು ಎಣಿಸದ ಒಂದು ಬದಲಾವಣೆ ಆದದ್ದು ಆಮೇಲೆ. ಪಾಲಕರು ಶನಿವಾರ ಮುಂಜಾನೆಯ ಶಾಲೆಗೆ ಬರತೊಡಗಿದರು. ಪ್ರೀತಿಯಿಂದ ಬರುತ್ತಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಳಗೆ ಏನು ನಡೆದಿದೆ ಎಂದು ನೋಡಲು ಬರುತ್ತಿದ್ದರು. ಕೇರಿಯವರು ಬರುತ್ತಾರೆಂದು ಊರವರು, ಊರವರು ಬರುತ್ತಾರೆಂದು ಕೇರಿಯವರು. ಕೂರಲು ಪಡಸಾಲೆಯಲ್ಲಿ ಇದ್ದದ್ದು ಒಂದೇ ಉದ್ದ ಮರದ ಬಾಕು. ಮೊದಮೊದಲು ನಿಂತರು. ಆಮೇಲೆ ಕಾಲು ನೊಂದು ಕೂತರು. ಒಂದು ಶನಿವಾರ ಬಿರುಗಾಳಿಗೆ ಮಾಡಿನ ತಗಡು ಕಿತ್ತು ಬಡಿದುಕೊಳ್ಳತೊಡಗಿದಾಗ ಅಲ್ಲಿದ್ದವರೇ ಹಗ್ಗ ಹಾಕಿ ಎಳೆದು ಹಿಡಿದರು. ಹಗ್ಗದ ಒಂದು ಕೊನೆ ಸೈನಿಕರ ಕೈಯಲ್ಲಿ, ಅವರ ಹಿಂದೆ ಮುದುಕಿಯ ಮಗ, ಅವನ ಹಿಂದೆ ಚೇರಮನ್ನರ ಅಳಿಯ. ಮಕ್ಕಳು ವರ್ಗ ಬಿಟ್ಟು ಬಂದು ಅದನ್ನು ನೋಡಿದರು. ನಾವು ತಡೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಹೆಡ್ ಮಾಸ್ತರರು ಕೆಲಸ ಬಿಟ್ಟು ಹೊರಟರು. ಹುಕ್ಕೇರಿಯಲ್ಲಿ ತಾಯಿಗೆ ಆರಾಮಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದರು. ಯಾರೂ ನಂಬಲಿಲ್ಲ. ಚೇರಮನ್ನರು ಬಿಡಿಸಿದ್ದಾರೆ ಎಂದು ನನ್ನ ಮನೆಯ ಒಡತಿ. ಬೇರೆ ಸಂಸ್ಥೆಯವರು ಹೆಚ್ಚು ಪಗಾರ ತೋರಿಸಿದ್ದಾರೆ ಎಂದು ಗಣಿತದ ಮಾಸ್ತರರು. ಬಸ್ಸಿನ ಹತ್ತಿರ ಟ್ರಂಕು ಹೊತ್ತು ತಂದ ಸೈನಿಕರು ಅದನ್ನು ಮೇಲೆ ಹಾಕಿಸಿ, ನೇರವಾಗಿ ಕೇಳಿದರು.

“ಖರೇನ ತಾಯಿಗೆ ಆರಾಮಿಲ್ಲೇನ್ರಿ?”

“ಖರೇ ಅದ” ಎಂದರು ಹೆಡ್ ಮಾಸ್ತರರು.

ಸೈನಿಕರು ತಲೆಯಾಡಿಸಿದರು. ಆದರೆ ಹದಿನೈದು ದಿನ ಕಳೆಯುವುದರೊಳಗೆ ಬಸ್ಸು ಹತ್ತಿ ಹುಕ್ಕೇರಿಗೆ ಹೋದರು. ಅಲ್ಲಿ ಎರಡು ದಿನ ಇದ್ದರಂತೆ. ಆ ವೃದ್ಧ ತಾಯಿಯನ್ನು ಎತ್ತಿ ಬಿಸಿಲಿಗೆ ಕೂರಿಸಲು ಹೆಡ್ ಮಾಸ್ತರರಿಗೆ ಒಬ್ಬರಿಗೇ ಆಗುತ್ತಿರಲಿಲ್ಲ, ಅದಕ್ಕೆ ಕೈ ಹಚ್ಚಿದರಂತೆ. ಶನಿವಾರ ಬಾಕಿನ ಮೇಲೆ ಕೂತವರಿಗೆಲ್ಲ ಹೇಳಿದರು.

“ಖರೇ ಆರಾಮಿಲ್ರಿ. ನಾ ನೋಡಿ ಬಂದೇನಿ.”

ಅವರ ಮಾತಿನ ಮೇಲೆ ನಂಬಿಕೆ ಬಾರದೆ, ಮುಂದಿನ ವಾರ ಮತ್ತಿಬ್ಬರು ಹೋಗಿ ನೋಡಿಬಂದರು.