ನೊರೀನ್ ಮದುವೆಯಿಲ್ಲದೆ ಜೊತೆಯಾದದ್ದು

ಥಾರ್ನ್‌ಡೆನ್ನಿನ ಚರ್ಚಿನಲ್ಲಿ ಮದುವೆಯಾದವರೆಲ್ಲ ನೊರೀನ್ ಬರ್ಟ್‌ವೆಲ್ ಹೊಡೆದ ಗಂಟೆಯನ್ನು ಕೇಳಿಕೊಂಡೇ ಹೊರಗೆ ಬಂದವರು. ಹದಿನಾರನೆಯ ವಯಸ್ಸಿಗೆ ಗೋಪುರ ಹತ್ತಿ ಹಗ್ಗ ಹಿಡಿದವಳು, ಮೂವತ್ತರ ಹೊತ್ತಿಗೆ ಆರು ಜನ ಆರು ಗಂಟೆ ಹೊಡೆಯುವ ನಮ್ಮ ತಂಡಕ್ಕೆ ಮುಖ್ಯಸ್ಥೆಯಾಗಿದ್ದಳು. ವಾರವಿಡೀ ಶಾಲೆಯ ಅಡಿಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಊಟ ಬೇಯಿಸುವುದು, ಶನಿವಾರ ಊರವರ ಮದುವೆಗೆ ಗಂಟೆ ಹೊಡೆಯುವುದು. ತಾನು ಮಾತ್ರ ಮದುವೆಯಾಗಲಿಲ್ಲ. ಗಂಡು ಸಿಗಲಿಲ್ಲವೆಂದಲ್ಲ. ಗಂಡು ಮನೆಯಲ್ಲೇ ಇದ್ದ.

ಅವನ ಹೆಸರು ಡೆಸ್ ಹಾಲ್‌ಸ್ಟೆಡ್. ಬಸ್ ಡ್ರೈವರು. ೧೯೮೬ರಲ್ಲಿ ಒಂದು ಸೂಟ್‌ಕೇಸು, ಎರಡು ಗುದ್ದಲಿ ಹಿಡಿದುಕೊಂಡು ಅವಳ ಮನೆಗೆ ಬಂದವನು ಹಿಂದಿರುಗಿ ಹೋಗಲಿಲ್ಲ. ಊರಾಚೆ ಬಾಡಿಗೆಗೆ ಹಿಡಿದ ತುಂಡು ನೆಲದಲ್ಲಿ ತೋಳಿನಷ್ಟು ದಪ್ಪದ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿ ಬೆಳೆದು ಪ್ರದರ್ಶನಕ್ಕೆ ಒಯ್ಯುವುದು ಅವನ ಹುಚ್ಚು. ಅವನ ತಾಯಿ ಬದುಕಿರುವವರೆಗೂ ನೊರೀನಳನ್ನು ‘ನಮ್ಮ ಡೆಸ್ ಇಳಿದುಕೊಂಡಿರೋ ಮನೆ ಹೆಂಗಸು’ ಎಂದೇ ಪರಿಚಯ ಮಾಡಿಕೊಡುತ್ತಿದ್ದಳು. ನೊರೀನ್ ನಕ್ಕು ಚಹಾ ಬಗ್ಗಿಸುತ್ತಿದ್ದಳು.

ನಾನು ಆ ಊರಿನ ಅಂಚೆಯವನು, ನೆವಿಲ್. ತಂಡದಲ್ಲಿ ಐದನೆಯ ಗಂಟೆ ನನ್ನದು. ನೊರೀನ್ ಯಾಕೆ ಮದುವೆಗೆ ಒಲ್ಲೆನೆನ್ನುತ್ತಾಳೆ ಎಂಬುದು ಅವಳ ಪಕ್ಕ ನಿಂತು ಹಗ್ಗ ಎಳೆದ ನನಗೂ ಬಹಳ ವರ್ಷ ತಿಳಿದಿರಲಿಲ್ಲ. ಸ್ತ್ರೀಸ್ವಾತಂತ್ರ್ಯದ ಮಾತಿರಬೇಕು ಎಂದುಕೊಂಡಿದ್ದೆ. ಸಂಗತಿ ಅದಕ್ಕಿಂತ ಚಿಕ್ಕದು, ಅದಕ್ಕಿಂತ ದೊಡ್ಡದು ಕೂಡ.

ಅವಳ ತಾಯಿ ಎಲ್ಸಿ ಹತ್ತಿ ಗಿರಣಿಯಲ್ಲಿ ನಲವತ್ತು ವರ್ಷ ಮಗ್ಗ ನಡೆಸಿದವಳು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಅಲ್ಲಿಯ ಹೆಂಗಸರು ತುಟಿಯಾಡಿಸಿಯೇ ಹರಟುತ್ತಿದ್ದರು. ಆ ವಿದ್ಯೆಯನ್ನು ಮಗಳಿಗೂ ಕಲಿಸಿದ್ದಳು. ಗೋಪುರದಲ್ಲಿ ನೊರೀನ್ ನಮಗೆ ಅಪ್ಪಣೆ ಕೊಡುತ್ತಿದ್ದುದೂ ಹಾಗೆಯೇ, ಬೈಯುತ್ತಿದ್ದುದೂ ಹಾಗೆಯೇ. ತಂದೆ ಹೆರಾಲ್ಡ್, ನೊರೀನಳಿಗೆ ನಾಲ್ಕು ವರ್ಷವಿದ್ದಾಗ ಅಕಾರ್ಡಿಯನ್ ವಾದ್ಯ ಹೆಗಲಿಗೇರಿಸಿಕೊಂಡು ಕಡಲ ದಂಡೆಯ ಬ್ಲ್ಯಾಕ್‌ಪೂಲಿಗೆ ಹೋದ. ಅಲ್ಲೇ ಇನ್ನೊಬ್ಬಳ ಜೊತೆ ಉಳಿದ. ಎರಡು ಹೆಣ್ಣುಮಕ್ಕಳನ್ನು ಎಲ್ಸಿ ಒಬ್ಬಳೇ ಸಾಕಿದಳು.

ಅಕ್ಕ ಕ್ಯಾತ್ಲೀನಳ ಮದುವೆಯ ದಿನ ರುಜು ಹಾಕುವ ಹೊತ್ತಿಗೆ ಆಗಿನ ಮುದಿ ಪಾದ್ರಿಗಳು ತಂದೆಯ ಹೆಸರು, ಉದ್ಯೋಗ ಕೇಳಿದರು. ಹೆರಾಲ್ಡ್ ಬರ್ಟ್‌ವೆಲ್, ವಾದ್ಯಗಾರ ಎಂದು ಚೆಂದದ ಅಕ್ಷರದಲ್ಲಿ ಬರೆದರು. ವರನ ತಂದೆಯದನ್ನೂ ಬರೆದರು. ಪುಸ್ತಕ ಮುಚ್ಚಿದರು. ಆಗಿನ ಮದುವೆಯ ಕಾಗದದಲ್ಲಿ ತಾಯಂದಿರಿಗೆ ಜಾಗವೇ ಇರಲಿಲ್ಲ. ಹೊಸ ಟೊಪ್ಪಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ ಎಲ್ಸಿ, ನನ್ನ ಹೆಸರು ಗಿರಣಿಯ ಹಾಜರಿ ಪುಸ್ತಕದಲ್ಲಿ ಇದೆ ಬಿಡಿ ಎಂದು ನಗೆಯಾಡಿದಳಂತೆ. ಎಲ್ಲರೂ ನಕ್ಕರು. ಇಪ್ಪತ್ತೆರಡು ವರ್ಷದ ನೊರೀನ್ ನಗಲಿಲ್ಲ. ಆ ಮನುಷ್ಯನ ಹೆಸರಿನ ಕೆಳಗೆ ನಾನಂತೂ ರುಜು ಹಾಕುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಡೆಸ್‌ಗೆ ಮದುವೆಯಾಗಬೇಕೆಂಬ ಆಸೆ ಇತ್ತು. ಲೀಕ್ ಪ್ರದರ್ಶನದಲ್ಲಿ ಬಹುಮಾನ ಬಂದ ವರ್ಷವೆಲ್ಲ ಕೇಳುತ್ತಿದ್ದ. ಅವಳು ಬೇಡವೆನ್ನುತ್ತಿದ್ದಳು. ಇವನು ಆಗಲಿ ಎಂದು ಹೋಗಿ ಲೀಕ್ ಸಾರು ಕಾಯಿಸುತ್ತಿದ್ದ.

೨೦೧೭ರ ವಸಂತದಲ್ಲಿ ಡೆಸ್ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಓಡಿಬಂದ ನೊರೀನಳನ್ನು ಅಲ್ಲಿಯ ನರ್ಸ್ ಹುಡುಗಿ ಪ್ರೀತಿಯಿಂದಲೇ ಕೇಳಿದಳು.

“ನೀವು ಅವರಿಗೆ ಏನಾಗಬೇಕಮ್ಮ?”

“ಮೂವತ್ತೊಂದು ವರ್ಷದಿಂದ ಅದನ್ನೇ ಯೋಚನೆ ಮಾಡ್ತಾ ಇದ್ದೀನಿ ಕಣಮ್ಮ,” ಎಂದಳು ನೊರೀನ್.

ಹುಡುಗಿ ನಕ್ಕು ಒಳಗೆ ಬಿಟ್ಟಳು. ಡೆಸ್ ಹತ್ತು ದಿನಕ್ಕೆ ಎದ್ದು ಕೂತ. ಆದರೆ ಆ ಪ್ರಶ್ನೆ ನೊರೀನಳ ಜೊತೆ ಮನೆಗೆ ಬಂತು. ಇವನು ಹೋಗಿಬಿಟ್ಟಿದ್ದರೆ ಮಣ್ಣು ಮಾಡುವುದಕ್ಕೂ ಅವನ ತಮ್ಮನ ರುಜು ಬೇಕಾಗುತ್ತಿತ್ತೋ ಏನೋ. ಜೊತೆಗಿದ್ದವರಿಗೆ ಕಾನೂನಿನ ಕಣ್ಣಿನಲ್ಲಿ ಹೆಸರಿಲ್ಲ ಎಂಬುದು ಅವಳಿಗೆ ಆ ವಾರ ಮೊದಲ ಸಲ ಮೈಗೆ ಹತ್ತಿತು.

ಈ ಸಲ ಡೆಸ್ ಕೇಳಲಿಲ್ಲ. ಅವಳೇ ನೋಂದಣಿ ಕಚೇರಿಗೆ ಹೋಗಿ, ಮದುವೆಯ ಕಾಗದದಲ್ಲಿ ನನ್ನ ತಾಯಿಯ ಹೆಸರು ಬರೆಯುತ್ತೀರಾ ಎಂದು ವಿಚಾರಿಸಿದಳು. ಬರೆಯಲಾಗುವುದಿಲ್ಲ, ಅದು ಕಾನೂನು ಎಂದು ಅಲ್ಲಿಯ ಅಧಿಕಾರಿ ಬೇಸರದಿಂದಲೇ ಹೇಳಿದಳು. ಬೇರೆ ದಾರಿಯಿಲ್ಲವೆ ಎಂದರೆ, ಒಂದಿದೆ, ಸಿವಿಲ್ ಪಾರ್ಟ್ನರ್‌ಶಿಪ್, ಮದುವೆಯಲ್ಲದ ಆದರೆ ಕಾನೂನು ಒಪ್ಪುವ ಜೊತೆಗಾರಿಕೆ. ಅದರಲ್ಲಿ ತಂದೆತಾಯಿ ಇಬ್ಬರ ಹೆಸರೂ ಬರುತ್ತದೆ. ಆದರೆ ಅದು ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಜೊತೆಯಾದವರಿಗೆ ಮಾತ್ರ ಎಂದಳು. ಮನೆಗೆ ಬಂದ ನೊರೀನ್, ನೀನು ಹೆಂಗಸಾಗಿದ್ದರೆ ಎಷ್ಟು ಸುಲಭವಿತ್ತು ನೋಡು ಎಂದು ಡೆಸ್‌ನನ್ನು ಗದರಿದಳು.

ಎರಡು ವರ್ಷ ಕಳೆದ ಮೇಲೆ ಕಾನೂನು ಬದಲಾಯಿತು. ೨೦೧೯ರ ಕೊನೆಯ ದಿನದಿಂದ ಯಾವ ಜೋಡಿ ಬೇಕಾದರೂ ಮದುವೆಯಾಗದೆ ಹೀಗೆ ಜೊತೆಗಾರಿಕೆಯನ್ನು ನೋಂದಾಯಿಸಿಕೊಳ್ಳಬಹುದಿತ್ತು. ಆ ಸುದ್ದಿಯನ್ನು ನೊರೀನ್ ಬುಧವಾರದ ಗಂಟೆ ಅಭ್ಯಾಸಕ್ಕೆ ತಂದಳು. ಗೋಪುರದಲ್ಲಿ ಅಭ್ಯಾಸ ನಿಂತು ವಾದ ಶುರುವಾಯಿತು.

ಮೊದಲ ಗಂಟೆಯ ವಾಲ್ಟರ್ ಏನ್ಸ್‌ಕೋ, ಎಪ್ಪತ್ತೊಂಬತ್ತು ವರ್ಷದ ಹಳೆಯ ನಲ್ಲಿ ಕೆಲಸದವನು, ತಲೆ ಕೊಡವಿದ. “ಒಂದು ಮನೇಗೆ ಎರಡು ನೀರಿನ ಪೈಪು ಯಾಕೆ? ಮದುವೆ ಅನ್ನೋದು ಇದೆಯಲ್ಲ. ಬೇಕಾದವರು ಮಾಡ್ಕೊಳ್ಳಿ, ಬೇಡದವರು ಬಿಡಿ.”

“ನಿನ್ನ ಪೈಪಲ್ಲಿ ನಮ್ಮವ್ವ ಹೋಗಲ್ಲ ಕಣಯ್ಯಾ,” ಎಂದಳು ನೊರೀನ್. ಆಗಲೇ ಅವಳು ಎಲ್ಸಿಯ ಕತೆಯನ್ನು ನಮಗೆಲ್ಲ ಮೊದಲ ಸಲ ಹೇಳಿದ್ದು.

ನನಗೂ ಒಂದು ಮುಳ್ಳು ಇತ್ತು, ಹೇಳಿಬಿಡುತ್ತೇನೆ. ನಾನೂ ನನ್ನ ಗ್ಯಾರೆತ್ತೂ ೨೦೦೬ರಲ್ಲಿ ಇದೇ ಜೊತೆಗಾರಿಕೆಯ ಕಾಗದಕ್ಕೆ ರುಜು ಹಾಕಿದವರು. ಆಗ ನಮ್ಮಂಥ ಗಂಡುಜೋಡಿಗಳಿಗೆ ಮದುವೆಯ ಬಾಗಿಲು ಮುಚ್ಚಿತ್ತು; ಕೊಟ್ಟದ್ದು ಅದೊಂದೇ. ಮದುವೆಗೆ ಅವಕಾಶ ಬಂದ ಕೂಡಲೇ ಆ ಕಾಗದವನ್ನು ಮದುವೆಗೆ ಬದಲಾಯಿಸಿಕೊಂಡು ಬೀದಿಯವರಿಗೆಲ್ಲ ಕೇಕ್ ಹಂಚಿದ್ದೆವು.

“ನಮಗೆ ತೋರಿಸಿದ್ದು ಹಿಂಬಾಗಿಲು, ನೊರೀನ್,” ಎಂದೆ. “ಮುಂಬಾಗಿಲು ತೆಗೆಸೋಕೆ ನಾವು ಎಷ್ಟು ಬಡಿದಾಡಿದ್ವಿ. ನೀನು ಅದೇ ಹಿಂಬಾಗಿಲೇ ಬೇಕು ಅಂತ ಹಟ ಹಿಡಿದಿದ್ದೀಯಲ್ಲ.”

ಅವಳು ಹಗ್ಗವನ್ನು ಸುತ್ತುತ್ತಲೇ ಹೇಳಿದಳು. “ನಿಮ್ಮನ್ನ ಅದರಲ್ಲಿ ತಳ್ಳಿದ್ರು, ಅದಕ್ಕೇ ಅದು ಹಿಂಬಾಗಿಲಾಯ್ತು. ನಾನು ನನ್ನಷ್ಟಕ್ಕೆ ನಡ್ಕೊಂಡು ಹೋಗ್ತೀನಿ. ಎರಡೂ ಬಾಗಿಲು ಎಲ್ಲರಿಗೂ ತೆಗೆದಿದ್ರೆ, ಹಿಂದಿಂದು ಯಾವುದು, ಮುಂದಿಂದು ಯಾವುದು, ಹೇಳು.”

ಆ ಮಾತನ್ನು ಮನೆಗೆ ಹೋಗಿ ಗ್ಯಾರೆತ್‌ಗೆ ಹೇಳಿದೆ. ಅವಳು ಸರಿ, ನೀನೂ ಸರಿ, ತಣ್ಣಗಾಗೋ ಮೊದಲು ಊಟ ಮಾಡು ಎಂದ.

ಕಾನೂನು ಜಾರಿಗೆ ಬರುವ ದಿನವೇ ಪುರಭವನದಲ್ಲಿ ರುಜು ಹಾಕುವುದೆಂದು ನೊರೀನ್ ಗೊತ್ತುಮಾಡಿದಳು; ಗಂಟೆಯ ಪ್ರಶ್ನೆ ಉಳಿದಿತ್ತು. ಚರ್ಚಿನದಲ್ಲದ ನೋಂದಣಿಗೆ ಚರ್ಚಿನ ಗಂಟೆ ಹೊಡೆಯಬಹುದೆ? ನಮ್ಮ ಈಗಿನ ಪಾದ್ರಿಯಮ್ಮ ಮೇರಿಯನ್ ಪಿಲ್ಲಿಂಗ್‌ರನ್ನು ವಾಲ್ಟರನೇ ಹೋಗಿ ಕೇಳಿದ. ವಾದ ಬೇರೆ, ಗೆಳೆತನ ಬೇರೆ ಅವನಿಗೆ.

“ಅದಕ್ಕೆ ಅಂತ ಹೊಡೆಸಿದ್ರೆ ನಾನು ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತೆ,” ಎಂದರು ಪಾದ್ರಿಯಮ್ಮ. “ಆದ್ರೆ ಅವತ್ತು ವರ್ಷದ ಕೊನೇ ದಿನ. ಹಳೇ ವರ್ಷನ ಕಳಿಸಿಕೊಡೋಕೆ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೀತೀವಿ ಅಂದ್ರೆ ನಾನು ಬೇಡ ಅನ್ನಲ್ಲ. ಅಷ್ಟು ಹೊತ್ತಿಗೆ ಪುರಭವನದಿಂದ ಯಾರು ಹೊರಗೆ ಬರ್ತಾರೋ ನನಗೇನು ಗೊತ್ತು.”

ಡಿಸೆಂಬರ್ ಮೂವತ್ತೊಂದರಂದು ಬೆಳಿಗ್ಗೆ ಹನ್ನೊಂದೂವರೆಗೆ ಪುರಭವನದ ಮಹಡಿಯ ಕೋಣೆಯಲ್ಲಿ ನಾವು ಸೇರಿದೆವು. ನೊರೀನ್ ಕಡು ಹಸಿರು ಮಕಮಲ್ಲಿನ ಉಡುಪು ತೊಟ್ಟು, ಬಿಳಿ ಹೂಗುಚ್ಛ ಹಿಡಿದಿದ್ದಳು. ಡೆಸ್ ಉಗುರಿನ ಮಣ್ಣು ತೆಗೆಯಲು ಅರ್ಧ ಗಂಟೆ ಉಜ್ಜಿಕೊಂಡು ಬಂದಿದ್ದ. ಸಾಕ್ಷಿಗೆ ಕ್ಯಾತ್ಲೀನ್ ಮತ್ತು ನಾನು. ಪ್ರತಿಜ್ಞೆ, ಪ್ರಮಾಣ ಏನೂ ಬೇಕಿರಲಿಲ್ಲ, ರುಜು ಹಾಕಿದರಾಯಿತು. ಅಧಿಕಾರಿ ಕಾಗದವನ್ನು ಓದಿ ಹೇಳುತ್ತಾ ಬಂದಳು. ಹೆರಾಲ್ಡನ ಹೆಸರೂ ಇತ್ತು, ಇರಲಿ. ಅದರ ಜೊತೆಗೇ, ತಾಯಿ: ಎಲ್ಸಿ ಬರ್ಟ್‌ವೆಲ್. ಉದ್ಯೋಗ: ನೇಕಾರ್ತಿ.

ನೊರೀನ್ ಇನ್ನೊಂದು ಸಲ ಓದಿ ಎಂದಳು. ಅಧಿಕಾರಿ ಮತ್ತೆ ಓದಿದಳು. ಕ್ಯಾತ್ಲೀನ್ ಮೂಗು ಒರೆಸಿಕೊಂಡಳು. ನೊರೀನಳ ತುಟಿ ಸದ್ದಿಲ್ಲದೆ ಆಡಿತು. ಅಷ್ಟು ವರ್ಷ ಅವಳ ತುಟಿ ನೋಡಿಕೊಂಡೇ ಗಂಟೆ ಹೊಡೆದ ನನಗೆ ತಿಳಿಯಿತು, ಆದರೆ ಅವಳು ಹೇಳಿದ್ದು ಅವಳ ತಾಯಿಗೆ, ನಮಗಲ್ಲ. ಆಮೇಲೆ ಪೆನ್ನು ತೆಗೆದುಕೊಂಡು, ಶಾಲೆಯ ಅಡಿಗೆಮನೆಯ ಸರಕಿನ ಪಟ್ಟಿಗೆ ಹಾಕುವಂಥದೇ ಗಡಸು ರುಜು ಹಾಕಿದಳು.

ಮೆಟ್ಟಿಲಿಳಿದು ಚೌಕಕ್ಕೆ ಬರುವಾಗ ಸರಿಯಾಗಿ ಹನ್ನೆರಡು. ಗಂಟೆಗಳು ಶುರುವಾದವು. ನೊರೀನಳ ಮತ್ತು ನನ್ನ ಜಾಗಕ್ಕೆ ಪಕ್ಕದೂರಿಂದ ಇಬ್ಬರನ್ನು ಕರೆಸಿದ್ದರು. ಡೆಸ್ ಹಲ್ಲು ಬಿಟ್ಟುಕೊಂಡು ನಿಂತ. ನೊರೀನಳ ಮುಖ ಮಾತ್ರ ಗಂಟಿಕ್ಕುತ್ತಾ ಹೋಯಿತು. ಅವಳದೇ ನಾಲ್ಕನೆಯ ಗಂಟೆ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ತಡವಾಗುತ್ತಿತ್ತು.

“ಕೇಳಿಸ್ತಾ ಇದೆಯಾ ಅದು?” ಎಂದಳು.

“ನನಗೆ ಗಂಟೆ ಥರಾನೇ ಕೇಳಿಸ್ತಾ ಇದೆ,” ಎಂದ ಡೆಸ್. ಆಮೇಲೆ ಅವಳ ಮುಖ ನೋಡಿ ಕೈ ಚಾಚಿದ. “ಹೂವು ಇಲ್ಲಿ ಕೊಡು. ಹೋಗು ಮಾರಾಯ್ತಿ, ಹೋಗಿ ಬಾ.”

ಅರವತ್ತೆರಡು ವರ್ಷದ ನೊರೀನ್ ಮಕಮಲ್ಲನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಚೌಕ ದಾಟಿ ಓಡಿದಳು. ಐದು ನಿಮಿಷದಲ್ಲಿ ನಾಲ್ಕನೆಯ ಗಂಟೆ ನಿಂತು, ಮತ್ತೆ ಶುರುವಾಗಿ, ತನ್ನ ಜಾಗಕ್ಕೆ ಸರಿಯಾಗಿ ಬಂದು ಬಿತ್ತು. ಡೆಸ್ ಬಿಳಿ ಹೂಗುಚ್ಛ ಹಿಡಿದುಕೊಂಡು ಚೌಕದ ನಡುವೆ ಮುಕ್ಕಾಲು ಗಂಟೆ ನಿಂತಿದ್ದ. ದಾರಿಹೋಕರು ಅವನಿಗೇ ಶುಭಾಶಯ ಹೇಳಿದರು. ಎಲ್ಲಿ ಹೆಣ್ಣು ಎಂದು ಯಾರೋ ಕೇಳಿದ್ದಕ್ಕೆ ಗೋಪುರದ ಕಡೆ ಬೆರಳು ತೋರಿಸಿದ. ಆಮೇಲೆ ಎಲ್ಲರೂ ವಾಲ್ಟರನ ಮನೆಯಲ್ಲಿ ಮಾಂಸದ ಕಡುಬು, ಹುಳಿಯಲ್ಲಿ ನೆನೆಸಿದ ಎಲೆಕೋಸು ತಿಂದೆವು. ವಾಲ್ಟರ್ ಲೋಟ ಎತ್ತಿ, ಎರಡು ಪೈಪು ತಪ್ಪೇ, ಆದರೂ ನೀರು ಸಿಹಿಯಾಗಿದೆ ಎಂದ.

ಒಂದೂವರೆ ವರ್ಷಕ್ಕೆ ಮದುವೆಯ ಕಾಗದದ ಕಾನೂನೂ ತಿದ್ದುಪಡಿಯಾಯಿತು. ಅದರಲ್ಲಿಯೂ ತಾಯಂದಿರ ಹೆಸರು ಬಂತು. ಡೆಸ್ ಪತ್ರಿಕೆ ಮಡಚಿಟ್ಟು, ಇನ್ನೇನು ನೆಪ ಉಳಿದಿಲ್ಲ, ಮದುವೆಯಾಗೋಣವೇ ಎಂದನಂತೆ. ವಿಚಾರಿಸಿದರೆ, ನಮ್ಮ ಹಾಗೆ ಅವರ ಕಾಗದವನ್ನು ಬದಲಾಯಿಸಿಕೊಳ್ಳಲು ಬರುವುದಿಲ್ಲ, ಮೊದಲು ಜೊತೆಗಾರಿಕೆಯನ್ನು ಮುರಿದುಕೊಂಡು ಬಿಡುಗಡೆ ತೆಗೆದುಕೊಳ್ಳಬೇಕು ಎಂದರಂತೆ.

“ನಿನ್ನನ್ನ ಬಿಟ್ಟು ನಿನ್ನನ್ನೇ ಕಟ್ಟಿಕೊಳ್ಳೋಕೆ ನನಗೆ ಪುರುಸೊತ್ತಿಲ್ಲ,” ಎಂದು ಡೆಸ್ ಲೀಕಿಗೆ ಗೊಬ್ಬರ ಹಾಕಲು ಎದ್ದು ಹೋದ.

ಈಗ ಅವನಿಗೆ ಎಪ್ಪತ್ತು ದಾಟಿದೆ, ಗಟ್ಟಿಯಾಗಿದ್ದಾನೆ. ನೊರೀನಳನ್ನು ಹೆಂಡತಿ ಎನ್ನುವುದಿಲ್ಲ. ಪಾರ್ಟ್ನರ್ ಎಂದರೆ ಬ್ಯಾಡ್ಮಿಂಟನ್ ಆಡುವವರ ಹಾಗೆ ಕೇಳುತ್ತದೆ ಎನ್ನುತ್ತಾನೆ. ‘ನಮ್ಮವಳು’ ಎನ್ನುತ್ತಾನೆ, ಅದು ಯಾರೆಂದು ಥಾರ್ನ್‌ಡೆನ್ನಿನಲ್ಲಿ ಯಾರೂ ಕೇಳುವುದಿಲ್ಲ.